ಅತ್ತೆಯ ಮಾತ್ರೆಗೆ ಉದ್ಯಾಪನೆ

ಡಾಕ್ಟರಿಕೆ ಓದುವ ಮಕ್ಕಳು ನಮ್ಮ ಮನೆಗೆ ಬಂದರೆ ನಾನು ತಕ್ಷಣ ಕಾಫಿ ಕೊಡುವುದಿಲ್ಲ. ಮೊದಲು ಓಣಿಯಲ್ಲಿ ಯಾರಾದರೂ ವಯಸ್ಸಾದವರ ಪಕ್ಕದಲ್ಲಿ ಕೂರಿಸಿ ಬರುತ್ತೇನೆ. ಅರ್ಧ ಗಂಟೆ ಕೂತು, ಅವರ ಮಂಡಿನೋವಿನಿಂದ ಹಿಡಿದು ಅವರ ಮದುವೆಯ ಊಟದವರೆಗೆ ಎಲ್ಲವನ್ನೂ ಕೇಳಿಕೊಂಡು ಬಂದರೆ ಕಾಫಿ, ಜೊತೆಗೆ ಎರಡು ಕೋಡುಬಳೆ. ಅರ್ಧಕ್ಕೇ ಎದ್ದು ಬಂದವರಿಗೆ ಬರೀ ನೀರು. ನೆಂಟರಿಷ್ಟರು ಇದನ್ನು ನನ್ನ ಹುಚ್ಚು ಎನ್ನುತ್ತಾರೆ. ಅನ್ನಲಿ. ಅವರವರ ಮನೆಯ ಹುಚ್ಚು ನನಗೂ ಗೊತ್ತಿದೆ.

ಮೊನ್ನೆ ಕಡೂರಿನಿಂದ ನೆಂಟರ ಹುಡುಗಿಯೊಬ್ಬಳು ಬಂದಿದ್ದಳು. ಮುಂದೆ ಚರ್ಮದ ಡಾಕ್ಟರಾಗುತ್ತೇನೆ ಎಂದಳು. ಹಾಗಾದರೆ ಮುದುಕರ ಕಡೆ ಹೋಗಮ್ಮ, ಅವರ ಮೈಮೇಲೆ ಚರ್ಮವೇ ಜಾಸ್ತಿ, ನಿನಗೆ ಕೆಲಸಕ್ಕೆ ಬರವಿರುವುದಿಲ್ಲ ಎಂದೆ. ತಮಾಷೆ ಎಂದುಕೊಂಡು ನಕ್ಕಳು. ತಮಾಷೆ ಅರ್ಧ ಮಾತ್ರ. ಉಳಿದರ್ಧ ಏನೆಂದು ನಿಮಗೆ ಹೇಳಿಬಿಡುತ್ತೇನೆ. ಇದರಲ್ಲಿ ತಪ್ಪು ಮಾಡಿದವಳು ನಾನೇ ಆದ್ದರಿಂದ ಬೇರೆ ಯಾರ ಮಾನವೂ ಹೋಗುವ ಭಯವಿಲ್ಲ.

ನನ್ನ ತವರು ಚೌಳಹಿರಿಯೂರು. ಅರವತ್ತರ ದಶಕದ ಮೊದಲಲ್ಲಿ ಅಜ್ಜಂಪುರಕ್ಕೆ ಸೊಸೆಯಾಗಿ ಬಂದೆ. ನಮ್ಮ ಯಜಮಾನರು ಸ್ಕೂಲ್ ಮೇಷ್ಟ್ರು. ತರಗತಿಯಲ್ಲಿ ಎಷ್ಟು ಮಾತಾಡುತ್ತಿದ್ದರೋ ತಿಳಿಯದು, ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಬಿಡುವ ಅಗತ್ಯವೂ ಇರಲಿಲ್ಲ. ಮನೆಗೆ ಬೇಕಾದ ಮಾತನ್ನೆಲ್ಲ ನಮ್ಮತ್ತೆ ಗಂಗಮ್ಮನವರು ಒಬ್ಬರೇ ಆಡಿ ಮುಗಿಸುತ್ತಿದ್ದರು. ಅವರು ಹಿತ್ತಲಲ್ಲಿ ನಿಂತು ನನ್ನನ್ನು ಕರೆದರೆ ರೈಲ್ವೆ ಸ್ಟೇಷನ್ನಿನಲ್ಲಿ ಬೀರೂರು ಗಾಡಿಗೆ ಕಾಯುತ್ತಿದ್ದವರು ತಿರುಗಿ ನೋಡುತ್ತಾರೆಂದು ಓಣಿಯವರು ಹೇಳುತ್ತಿದ್ದರು. ನಾನು ಸ್ಟೇಷನ್ನಿಗೆ ಹೋಗಿ ಪರೀಕ್ಷೆ ಮಾಡಲಿಲ್ಲ. ಕರೆದಾಗ ಹಿತ್ತಲಿಗೆ ಓಡುವುದೇ ಕ್ಷೇಮವಾಗಿತ್ತು.

ಬೈಯುವುದರಲ್ಲಿ ಅವರದು ನುರಿತ ಕೈ. ಒಮ್ಮೆ ಬೈದ ಹಾಗೆ ಇನ್ನೊಮ್ಮೆ ಬೈಯುತ್ತಿರಲಿಲ್ಲ. ಮದುವೆಯಾದ ಎರಡನೇ ವಾರ ನಾನು ತಟ್ಟಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ನಿಮ್ಮವ್ವ ನಿನಗೆ ರೊಟ್ಟಿ ತಟ್ಟೋದು ಕಲಿಸಿದ್ಲೋ, ಬೆರಣಿ ತಟ್ಟೋದು ಕಲಿಸಿದ್ಲೋ?" ಎಂದು ಕೇಳಿದ್ದರು. ಕಣ್ಣೀರು ಹಾಕಿದೆ. ಹಾಕುತ್ತಲೇ ಒಳಗೊಳಗೆ ನಗುವೂ ಬಂತು, ಏಕೆಂದರೆ ನಮ್ಮವ್ವ ಎರಡನ್ನೂ ಕಲಿಸಿದ್ದಳು. ಮಡಕೆ ಮಾರುವವನು ಬಾಗಿಲಿಗೆ ಬಂದರೆ ಅತ್ತೆ ಒಂದೊಂದು ಮಡಕೆಯನ್ನೂ ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಯಿಟ್ಟು ನಾದ ಕೇಳಿ, ಸೀಳು ಬಿಟ್ಟದ್ದನ್ನು ಅವನ ಮುಂದೆ ತಳ್ಳುತ್ತಿದ್ದರು. ಅವನು ನಮ್ಮ ಓಣಿಗೆ ಬರುವ ಮುಂಚೆ ಒಡಕು ಮಡಕೆಗಳನ್ನು ಗಾಡಿಯ ತಳಕ್ಕೆ ಸೇರಿಸಿಕೊಂಡೇ ಬರುತ್ತಿದ್ದ.

ಇನ್ನು ನನ್ನ ವಿಷಯ. ನಾನು ದೇವರನ್ನು ನಂಬಿದವಳು. ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ಸಿಕ್ಕ ಸಣ್ಣಪುಟ್ಟ ಉಪಕಾರಗಳನ್ನು ಬೆರಳು ಮಡಚಿ ಎಣಿಸುವುದು ನನ್ನ ರೂಢಿ. ಹಾಲು ಉಕ್ಕಲಿಲ್ಲ, ಒಂದು. ಸೌದೆ ಹಸಿಯಿರಲಿಲ್ಲ, ಎರಡು. ಅತ್ತೆ ತೋಟದ ಕಡೆ ಹೋಗಿದ್ದರು, ಮೂರು. ಈ ಮೂರನೆಯದನ್ನು ಸ್ವಲ್ಪ ಮೆಲ್ಲಗೆ ಹೇಳುತ್ತಿದ್ದೆ. ದೇವರಿಗೆ ಕಿವಿ ಚುರುಕಾಗಿರುತ್ತದೆ, ಅತ್ತೆಗೂ ಚುರುಕಾಗಿತ್ತು.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಅತ್ತೆಗೆ ಕಣ್ಣಿನ ಪೊರೆ ತೆಗೆಸಿದೆವು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅಲುಗಾಡದೆ ಮಲಗಬೇಕೆಂದರೆ ಅವರಿಗೆ ಹೇಗಾಗಬೇಕು? ನಿದ್ದೆ ಬಾರದೆ ಒದ್ದಾಡಿದರು. ತರೀಕೆರೆಯಲ್ಲಿ ನಮಗೆ ಪರಿಚಯದ ಡಾಕ್ಟರೊಬ್ಬರಿದ್ದರು. ಅವರು ಒಂದು ಪುಟ್ಟ ಹಳದಿ ಮಾತ್ರೆ ಬರೆದುಕೊಟ್ಟು, ಮಲಗುವ ಮುಂಚೆ ಒಂದು ಕೊಡಿ, ಹತ್ತು ದಿನ ಬಿಟ್ಟು ಬನ್ನಿ ಎಂದರು. ಅಂದು ಸೋಮವಾರ. ಹೊಸದೇನು ಮನೆಗೆ ಬಂದರೂ ಮೊದಲು ದೇವರ ಮುಂದಿಡುವುದು ನಮ್ಮ ಪದ್ಧತಿ. ಮಾತ್ರೆಯನ್ನೂ ಇಟ್ಟೆ. ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಅದಕ್ಕೊಂದು ಜಾಗವಾಯಿತು. ಊಟವಾದ ಮೇಲೆ ಅತ್ತೆಯ ಹಣೆಗೆ ವಿಭೂತಿ ಹಚ್ಚಿ, ಕೈಗೆ ಮಾತ್ರೆ ಹಾಕಿ, ಮೇಲೆ ತೀರ್ಥ ಬಿಡುತ್ತಿದ್ದೆ. ಅತ್ತೆ ಕಣ್ಣಿಗೊತ್ತಿಕೊಂಡು ನುಂಗುತ್ತಿದ್ದರು.

ಹತ್ತು ದಿನದಲ್ಲಿ ಕಣ್ಣು ಸರಿಹೋಯಿತು, ನಿದ್ದೆಯೂ ಬಂತು. ಸರಿಯಾದ ಮೇಲೆ ಯಾರು ಡಾಕ್ಟರ ಹತ್ತಿರ ಹೋಗುತ್ತಾರೆ? ನಾವೂ ಹೋಗಲಿಲ್ಲ. ಮಾತ್ರೆ ನಿಲ್ಲಿಸಬಹುದಲ್ಲ ಎಂದು ನೀವು ಕೇಳಬಹುದು. ಸೋಮವಾರ ಹಿಡಿದದ್ದು, ದೇವರ ಗೂಡಿನಲ್ಲಿಟ್ಟದ್ದು, ತೀರ್ಥದ ಜೊತೆ ಕೊಟ್ಟದ್ದು. ಹದಿನಾರು ಸೋಮವಾರದ ವ್ರತ ಹಿಡಿದವರು ಉದ್ಯಾಪನೆ ಮಾಡದೆ ಬಿಡುತ್ತಾರೆಯೇ? ವ್ರತ ಮುಗಿಸುವುದಕ್ಕೂ ಒಂದು ಕ್ರಮವಿದೆ, ಪೂಜೆಯಿದೆ, ಊಟವಿದೆ. ಡಾಕ್ಟರು ಶುರು ಮಾಡಿ ಎಂದಿದ್ದರು, ಮುಗಿಸಿ ಎಂದವರು ಯಾರೂ ಇಲ್ಲ. ಹಿಡಿದ ನೇಮ ಮಧ್ಯದಲ್ಲಿ ಬಿಟ್ಟರೆ ಮನೆಗೆ ಕೇಡು ಎಂದು ನಾನು ನಂಬಿದ್ದೆ. ಅತ್ತೆಯೂ ನಂಬಿದ್ದರು.

ನಿಜ ಹೇಳಬೇಕೆಂದರೆ ಇನ್ನೂ ಒಂದು ಕಾರಣವಿತ್ತು. ತಿಂಗಳಿಗೊಮ್ಮೆ ಆ ಚೀಟಿ ಹಿಡಿದು ತರೀಕೆರೆಗೆ ಬಸ್ಸಿನಲ್ಲಿ ಹೋಗಿಬರುವುದು ನನಗಿದ್ದ ಒಂದೇ ಸವಾರಿ. ಔಷಧಿ ಅಂಗಡಿಯವನು ಚೀಟಿ ನೋಡಿ ಮಾತು ಮರುಮಾತಿಲ್ಲದೆ ಮಾತ್ರೆ ಕೊಡುತ್ತಿದ್ದ. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಅಡಿಕೆ ಚೀಲಗಳ ನಡುವೆ ಕೂತು ಒಬ್ಬಳೇ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು, ಸೆರಗಿನಿಂದ ಬಾಯಿ ಒರೆಸಿಕೊಂಡು ಮನೆಗೆ ಬಂದರೆ, ಅದೂ ಅತ್ತೆಯ ಸೇವೆಯ ಲೆಕ್ಕಕ್ಕೇ ಸೇರುತ್ತಿತ್ತು.

ಎರಡು ಮೂರು ತಿಂಗಳಲ್ಲಿ ಮನೆಯಲ್ಲಿ ಒಂದು ಬದಲಾವಣೆ ಕಂಡಿತು. ಅತ್ತೆ ಬೈಯುವುದು ಕಡಿಮೆಯಾಯಿತು. ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಂಡರು. ಬೆಳಗ್ಗೆ ತಡವಾಗಿ ಎದ್ದು ನಡುಮನೆಯ ಕಂಬಕ್ಕೆ ಒರಗಿ ಕೂತಿರುತ್ತಿದ್ದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅಂತರಘಟ್ಟಮ್ಮನ ಗುಡಿಗೆ ಹೋಗಿ ತುಪ್ಪದ ದೀಪ ಹಚ್ಚಿಬಂದೆ. ತಾಯಿ, ಕೊನೆಗೂ ಅತ್ತೆಗೆ ಶಾಂತಿ ಕೊಟ್ಟೆಯಲ್ಲ ಎಂದು ಕೈ ಮುಗಿದೆ. ತಾಯಿ ಏನೂ ಹೇಳಲಿಲ್ಲ. ಈಗ ಯೋಚಿಸಿದರೆ ಅವಳಿಗೆ ನಗು ತಡೆಯುವುದೇ ಕಷ್ಟವಾಗಿರಬೇಕು.

ನನ್ನ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಅತ್ತೆ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಿದ್ದರು. ಹದಿನೈದು ದಿನ ಬಿಟ್ಟು ಹೊಸ್ತಿಲಲ್ಲಿ ಮತ್ತೆ ಬಿದ್ದರು. ನನ್ನನ್ನು ತೀರಿಹೋದ ಅವರ ತಂಗಿಯ ಹೆಸರಿನಿಂದ ಕರೆದರು. ಯಜಮಾನರು, ವಯಸ್ಸಾಯಿತು, ಅರಳು ಮರಳು, ಏನು ಮಾಡುವುದು ಎಂದರು. ಓಣಿಯವರೂ ಅದನ್ನೇ ಅಂದರು. ನೆಂಟರು ಬ್ರೆಡ್ಡು, ಬಾಳೆಹಣ್ಣು ಹಿಡಿದು ನೋಡಿಕೊಂಡು ಹೋಗಲು ಬರತೊಡಗಿದರು. ಬಂದವರೆಲ್ಲ ಕೊನೆಯ ಸಲ ನೋಡುವ ಮುಖ ಮಾಡಿಕೊಂಡು ಕೂತು, ಎರಡು ಲೋಟ ಕಾಫಿ ಕುಡಿದು ಹೋಗುತ್ತಿದ್ದರು. ಗುಡಿಗೂ ಒಬ್ಬರೇ ಹೋಗಕೂಡದೆಂದು ಹೇಳಿ ಯಜಮಾನರು ಅತ್ತೆಯ ಮಂಚವನ್ನು ನಡುಮನೆಯ ಮೂಲೆಗೆ ಹಾಕಿಸಿದರು. ಇಂಥದ್ದಕ್ಕೆ ಅತ್ತೆ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳಬೇಕಿತ್ತು. ಹೋಗಿ ಸುಮ್ಮನೆ ಮಲಗಿದರು.

ನನಗೆ ನಿಜವಾಗಿ ಭಯವಾದದ್ದು ಮಡಕೆಯವನು ಬಂದ ದಿನ. ಅವನು ಗೊತ್ತಿದ್ದೋ ಗೊತ್ತಿಲ್ಲದೆಯೋ ಒಂದು ಸೀಳು ಮಡಕೆಯನ್ನು ಅತ್ತೆಯ ಮುಂದಿಟ್ಟ. ಅತ್ತೆ ಕುಟ್ಟಲಿಲ್ಲ, ಕಿವಿಯಿಡಲಿಲ್ಲ. ಹಾಗೇ ಎತ್ತಿ ಮಡಿಲಲ್ಲಿಟ್ಟುಕೊಂಡರು. ಅವನು ಒಂದು ಗಳಿಗೆ ಅವರ ಮುಖವನ್ನೇ ನೋಡಿದ. ಆಮೇಲೆ ತಾನೇ ಅದನ್ನು ಮೆಲ್ಲಗೆ ತೆಗೆದುಕೊಂಡು ಗಟ್ಟಿ ಮಡಕೆಯೊಂದನ್ನು ಇಟ್ಟು, "ಅಮ್ಮೋರಿಗೆ ಏನಾಯ್ತವ್ವಾ?" ಎಂದು ನನ್ನನ್ನು ಕೇಳಿದ. ಹದಿನೈದು ವರ್ಷಕ್ಕೂ ಮೇಲೆ ಅತ್ತೆಯ ಬಾಯಿಗೆ ಬೀಗ ಹಾಕಪ್ಪ ಎಂದು ಬೇಡಿಕೊಂಡವಳು ನಾನು. ಬೀಗ ಬಿದ್ದ ಮೇಲೆ ತಿಳಿಯಿತು, ಒಳಗಿದ್ದವರೂ ಹೊರಟುಹೋಗುತ್ತಿದ್ದಾರೆ ಎಂದು.

ಆ ಬೇಸಿಗೆ ರಜಕ್ಕೆ ನನ್ನ ತಮ್ಮ ರುದ್ರೇಶ ಬಂದ. ಮೈಸೂರಿನಲ್ಲಿ ಡಾಕ್ಟರಿಕೆ ಓದುತ್ತಿದ್ದ, ನಾಲ್ಕನೇ ವರ್ಷ. ಎದೆಬಡಿತ ಕೇಳುವ ಸ್ಟೆತಾಸ್ಕೋಪನ್ನು ಕೊರಳಿಗೆ ಹಾಕಿಕೊಂಡೇ ರೈಲಿನಿಂದ ಇಳಿದು, ಹತ್ತಿರದ ದಾರಿ ಬಿಟ್ಟು, ಪೇಟೆ ಬೀದಿ ಸುತ್ತಿ ಮನೆಗೆ ಬಂದಿದ್ದ. ಮುಂದೆ ಹೃದಯ ಬಿಚ್ಚಿ ಹೊಲಿಯುವ ದೊಡ್ಡ ಡಾಕ್ಟರಾಗಬೇಕೆಂದು ಅವನಿಗೂ ಆಸೆ, ಅವನ ಭಾವನಿಗೂ ಆಸೆ. ಅತ್ತೆಯನ್ನು ನೋಡು ಎಂದೆ. ಎದೆಗೆ ಎರಡು ಕಡೆ ಕೊಳವೆ ಇಟ್ಟ, ಕಣ್ಣಿಗೆ ಬ್ಯಾಟರಿ ಬಿಟ್ಟ.

"ವಯಸ್ಸಾಗಿದೆ ಕಣಕ್ಕ. ಇದಕ್ಕೆ ಏನೂ ಮಾಡಕ್ಕಾಗಲ್ಲ."

"ನಿನ್ನ ಅಷ್ಟು ದಪ್ಪ ಪುಸ್ತಕದಲ್ಲಿ ಇಷ್ಟೇನಾ ಬರ್ದಿರೋದು?"

ಮುದುಕರ ವಿಷಯ ಎರಡು ಪುಟ ಇದೆಯಂತೆ, ಪರೀಕ್ಷೆಗೆ ಬರುವುದಿಲ್ಲವೆಂದು ಯಾರೂ ಓದುವುದಿಲ್ಲವಂತೆ. ನನಗೆ ಸಿಟ್ಟು ನೆತ್ತಿಗೇರಿತು. ಹಲ್ಲು ಬರದ ಮಕ್ಕಳಿಗೆ ಬೇರೆ ಡಾಕ್ಟರು ಇದ್ದಾರಂತೆ, ಹಲ್ಲುದುರಿದವರಿಗೆ ಯಾಕೆ ಬೇಡ ಎಂದು ಕೇಳಿದೆ. ನಕ್ಕ. ಅವನು ಸ್ನಾನಕ್ಕೆ ಹೋದಾಗ ಸ್ಟೆತಾಸ್ಕೋಪನ್ನು ತೆಗೆದು ಹುರುಳಿಕಾಳಿನ ಡಬ್ಬದಲ್ಲಿ ಹೂತಿಟ್ಟೆ. ಬಂದು ಹುಡುಕಾಡಿದ. ಮೂರು ದಿನ ಅತ್ತೆಯ ಮಂಚದ ಹತ್ತಿರ ಕೂರು, ಬೆಳಗಿನಿಂದ ಸಂಜೆವರೆಗೆ ಅವರು ಏನು ಮಾಡ್ತಾರೆ, ಏನು ಆಡ್ತಾರೆ, ಬರೀ ಕಿವಿಯಲ್ಲಿ ಕೇಳಿ ಬರೆದುಕೋ, ಆಮೇಲೆ ಕೊಡ್ತೀನಿ ಎಂದೆ. ಅಲ್ಲಿಯವರೆಗೆ ರೊಟ್ಟಿಗೆ ಬೆಣ್ಣೆಯೂ ಇಲ್ಲ ಎಂದೆ. ಬೆಣ್ಣೆಯ ಮಾತಿಗೆ ಒಪ್ಪಿದ.

ಮೊದಲ ದಿನ ಆಕಳಿಸುತ್ತ ಕೂತಿದ್ದ. ಎರಡನೇ ದಿನ ಸಂಜೆ ಒಳಗಿನಿಂದ ನಗು ಕೇಳಿಸಿತು. ನನ್ನ ಮದುವೆಯ ದಿನ ಇವನು ಅತ್ತೆಯ ಹೊಸ ಸೀರೆಯ ಮೇಲೆ ಉಚ್ಚೆ ಹೊಯ್ದದ್ದನ್ನು ಅತ್ತೆ ಒಂದು ವಿವರವನ್ನೂ ಬಿಡದೆ ಅವನಿಗೇ ಹೇಳುತ್ತಿದ್ದರು. ಮೂರನೇ ದಿನ ಅವನೇ ಅಡುಗೆಮನೆಗೆ ಬಂದ. ಕೈಯಲ್ಲಿ ನೋಟ್ ಪುಸ್ತಕ, ಮುಖ ಗಂಟು.

"ಅಕ್ಕಾ, ಬೆಳಗ್ಗೆಯೆಲ್ಲ ಮಂಕಾಗಿರ್ತಾರೆ. ಮಧ್ಯಾಹ್ನ ಕಳೀತಿದ್ದ ಹಾಗೆ ಬುದ್ಧಿ ತಿಳಿಯಾಗುತ್ತೆ. ಅರಳು ಮರಳು ಹೀಗೆ ಗಂಟೆ ನೋಡ್ಕೊಂಡು ಬರಲ್ಲ. ಏನು ಔಷಧಿ ಕೊಡ್ತಿದ್ದೀಯ?"

"ಔಷಧಿ ಏನೂ ಇಲ್ಲಪ್ಪ. ಊಟ ಆದ್ಮೇಲೆ ನೇಮದ್ದು ಒಂದು, ಅಷ್ಟೇ."

"ನೇಮದ್ದು ಅಂದ್ರೆ?"

ದೇವರ ಗೂಡು ತೋರಿಸಿದೆ. ಮಾತ್ರೆಯ ಪೊಟ್ಟಣ ಕೈಗೆತ್ತಿಕೊಂಡು ಓದಿದ. ಯಾವಾಗಿನಿಂದ ಎಂದ. ಹೋದ ಶಿವರಾತ್ರಿ ಹಿಂದುಮುಂದಿನಿಂದ ಎಂದೆ. ಈ ಸಲದ ಶಿವರಾತ್ರಿ ಆಗಿಯೇ ಮೂರು ತಿಂಗಳಾಗಿತ್ತು. ಅವನು ಅಲ್ಲೇ ಒರಳುಕಲ್ಲಿನ ಮೇಲೆ ಕೂತುಬಿಟ್ಟ. ಇದು ನಿದ್ದೆ ಮಾತ್ರೆ, ವಯಸ್ಸಾದವರ ಮೈಯಿಂದ ಬೇಗ ಇಳಿಯುವುದಿಲ್ಲ, ದಿನದಿನದ್ದು ಸೇರಿಕೊಂಡು ಮಂಕು ಕವಿಸುತ್ತದೆ, ಕಾಲು ತಡವರಿಸುವ ಹಾಗೆ ಮಾಡುತ್ತದೆ ಎಂದು ಬಿಡಿಸಿ ಹೇಳಿದ. ನಾನು ಒಲೆಯ ಮುಂದೆ ನಿಂತಿದ್ದೆ. ತವೆಯ ಮೇಲಿನ ರೊಟ್ಟಿ ಸೀದು ಕರಕಾಯಿತು. ತಿರುವಿ ಹಾಕಬೇಕೆಂಬುದೂ ಹೊಳೆಯಲಿಲ್ಲ.

"ಮನೇಲಿ ಹೇಳ್ಬೇಡ ಕಣೋ ರುದ್ರ," ಎಂದೆ.

"ನಾನು ಹೇಳಲ್ಲ. ಯಾವತ್ತಾದ್ರೂ ನೀನೇ ಹೇಳು."

ಮಾರನೆಯ ದಿನ ಇಬ್ಬರೂ ತರೀಕೆರೆಗೆ ಹೋದೆವು. ಆ ಸಲ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ನೆನಪಾಗಲಿಲ್ಲ. ಡಾಕ್ಟರು ಚೀಟಿ ನೋಡಿ ತಲೆ ಚಚ್ಚಿಕೊಂಡರು. ಒಂದೇ ಸಲಕ್ಕೆ ನಿಲ್ಲಿಸಿದರೆ ಅಪಾಯ, ಮೊದಲು ಅರ್ಧ ಮಾಡಿ, ಆಮೇಲೆ ಕಾಲು ಮಾಡಿ, ವಾರವಾರವೂ ನನಗೆ ತಿಳಿಸಿ, ಪೂರ್ತಿ ಬಿಡುವುದು ಆಮೇಲೆ ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಹೊರಡುವಾಗ ರುದ್ರೇಶನ ಬೆನ್ನು ತಟ್ಟಿ, ಮೂರು ದಿನ ಒಬ್ಬ ಅಜ್ಜಿಯ ಜೊತೆ ಕೂತೆಯಲ್ಲಪ್ಪ, ನಾನು ಇಷ್ಟು ವರ್ಷದಲ್ಲಿ ಒಬ್ಬರ ಜೊತೆಯೂ ಹಾಗೆ ಕೂತಿಲ್ಲ, ನಿನ್ನಂಥವರು ಈ ಕಡೆ ಬರಬೇಕು ಎಂದರು. ಅವನು ಬಸ್ಸಿನಲ್ಲಿ ಅಜ್ಜಂಪುರದವರೆಗೂ ಆ ನೋಟ್ ಪುಸ್ತಕವನ್ನೇ ತಿರುವಿ ಹಾಕುತ್ತಿದ್ದ. ಅಳಿದುಳಿದ ಗರ್ವಕ್ಕೆ ಯಾರೋ ನೀರು ಹಾಕಿದ ಹಾಗಿತ್ತು ಅವನ ಮುಖ. ಚಿಗುರುವುದಕ್ಕೋ ಕೊಳೆಯುವುದಕ್ಕೋ ನನಗೆ ಆಗ ಗೊತ್ತಾಗಲಿಲ್ಲ.

ಮಾತ್ರೆ ಅರ್ಧವಾಯಿತು, ಕಾಲಾಯಿತು. ಆಗ ಅತ್ತೆ ಹಟ ಹಿಡಿದರು. ನೇಮದ ಮಾತ್ರೆಯನ್ನು ಹೀಗೆ ಮುರಿದು ಮುರಿದು ಕೊಡುವುದು, ಆಮೇಲೆ ಬಿಟ್ಟೇಬಿಡುವುದು ಎಂದರೆ ಏನರ್ಥ, ದೇವರು ಸುಮ್ಮನಿರುತ್ತಾನೆಯೇ ಎಂದು ಕೇಳಿದರು. ನನಗೂ ಒಳಗೆ ಅಳುಕಿತ್ತು. ರುದ್ರೇಶ ಒಂದು ಚೂರೂ ನಗದೆ, ಅದಕ್ಕೇನಂತೆ ಅತ್ತೆ, ಉದ್ಯಾಪನೆ ಮಾಡಿಬಿಡೋಣ ಎಂದ. ಅವನ ರಜದ ಕೊನೆಯ ಸೋಮವಾರಕ್ಕೆ ಸರಿಯಾಗಿ ಮಾಡಿದೆವು. ಮಣೆಯ ಮೇಲೆ ವೀಳ್ಯದೆಲೆ ಹಾಸಿ, ಅದರ ಮೇಲೆ ಕೊನೆಯ ಕಾಲು ಮಾತ್ರೆ, ಪಕ್ಕದಲ್ಲಿ ತೆಂಗಿನಕಾಯಿ, ಬಾಳೆಹಣ್ಣು. ಐದು ಜನ ಮುತ್ತೈದೆಯರಿಗೆ ಹೋಳಿಗೆ ಊಟ. ರುದ್ರೇಶ ಹಣೆ ತುಂಬ ವಿಭೂತಿ ಬಳಿದುಕೊಂಡು, ಕಣ್ಣು ಮುಚ್ಚಿ, ಗಂಭೀರವಾಗಿ ಮಂತ್ರ ಹೇಳಿದ. ಹೇಳಿದ್ದು ಮನುಷ್ಯನ ಮೈಯ ಮೂಳೆಗಳ ಹೆಸರಂತೆ, ಇಂಗ್ಲಿಷಿನಲ್ಲಿ, ತಲೆಬುರುಡೆಯಿಂದ ಕಾಲ ಬೆರಳಿನವರೆಗೆ. ಸಂಸ್ಕೃತ ಎಷ್ಟು ಚೆನ್ನಾಗಿ ಬರುತ್ತೆ ಈ ಹುಡುಗನಿಗೆ ಎಂದು ಮುತ್ತೈದೆಯರು ಮೆಚ್ಚಿಕೊಂಡರು. ಸ್ವಾಮಿಗೆ ಕೋಪ ಬಂದಿರಲಾರದು ಎಂದುಕೊಂಡಿದ್ದೇನೆ. ಆ ಮೂಳೆಗಳನ್ನು ಮಾಡಿದವನೂ ಅವನೇ ಅಲ್ಲವೇ.

ಕೆಲವು ದಿನ ಅತ್ತೆಗೆ ನಿದ್ದೆ ಬರಲಿಲ್ಲ, ಚಡಪಡಿಸಿದರು, ನಾನು ಹೆದರಿದೆ. ಆಮೇಲೆ ಒಂದು ಬೆಳಗ್ಗೆ ನಾನು ಏಳುವ ಮುಂಚೆಯೇ ಅಂಗಳ ಗುಡಿಸುವ ಸದ್ದು ಕೇಳಿಸಿತು. ಆಷಾಢ ಕಳೆಯುವ ಹೊತ್ತಿಗೆ ಮಂಚವನ್ನು ಮೂಲೆಗೆ ಹಾಕಿದವರು ಯಾರು ಎಂದು ವಿಚಾರಣೆ ಶುರುವಾಯಿತು. ಯಜಮಾನರು ಎರಡು ದಿನ ಸ್ಕೂಲಿನಿಂದ ತಡವಾಗಿ ಬಂದರು. ನನ್ನನ್ನು ಮಾತ್ರ ಅತ್ತೆ ಬೈಯಲಿಲ್ಲ. ಕಷ್ಟಕಾಲದಲ್ಲಿ ತಮ್ಮನ್ನು ನೋಡಿಕೊಂಡವಳು ಸೊಸೆ ಎಂದು ಓಣಿಯಲ್ಲೆಲ್ಲ ಹೊಗಳಿಕೊಂಡು ತಿರುಗಿದರು. ಒಂದೊಂದು ಹೊಗಳಿಕೆಯೂ ನನಗೆ ಮುಳ್ಳು ಮುರಿದ ಹಾಗಾಗುತ್ತಿತ್ತು. ಸಂಜೆ ದೀಪದ ಮುಂದೆ ಎಣಿಸಲು ಕೂತರೆ ಬೆರಳು ಮಡಚಲಾಗುತ್ತಿರಲಿಲ್ಲ.

ದಸರೆಗೆ ರುದ್ರೇಶ ಬಂದಾಗ ಜೊತೆಗೆ ಇಬ್ಬರು ಸಹಪಾಠಿಗಳನ್ನು ಕರೆತಂದ. ಅತ್ತೆಯ ವಿಷಯ ಕೇಳಿ ನೋಡಬೇಕೆಂದು ಬಂದಿದ್ದರಂತೆ. ಸುದ್ದಿ ಹಬ್ಬಿ, ಓಣಿಯ ಮುದುಕ ಮುದುಕಿಯರೆಲ್ಲ ತಮ್ಮ ತಮ್ಮ ಮಾತ್ರೆಗಳನ್ನು ಡಬ್ಬ, ಸಂಚಿ, ಸೆರಗಿನ ಗಂಟುಗಳಲ್ಲಿ ಹೊತ್ತು ನಮ್ಮ ಜಗಲಿಗೆ ಬಂದರು. ಒಬ್ಬ ಅಜ್ಜನ ಎಲೆಅಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಜೊತೆ ಏಳು ಬಣ್ಣದ ಮಾತ್ರೆಗಳಿದ್ದವು. ಯಾವುದು ಯಾವುದಕ್ಕೆ ಎಂದರೆ, ಆಯಾ ದಿನ ಯಾವುದು ಕೈಗೆ ಸಿಗುತ್ತೋ ಅದು ಎಂದ. ಹುಡುಗರು ಎರಡು ದಿನ ಜಗಲಿ ಬಿಟ್ಟು ಏಳಲಿಲ್ಲ, ಸಿಕ್ಕಿದ್ದನ್ನೆಲ್ಲ ಬರೆದುಕೊಂಡರು. ರುದ್ರೇಶ ಆಗಲೇ ಅವನ ಭಾವನಿಗೆ ಹೇಳಿದ್ದು, ಹೃದಯ ಹೊಲಿಯುವುದು ಬೇಡ, ವಯಸ್ಸಾದವರನ್ನು ನೋಡುವ ಡಾಕ್ಟರಾಗುತ್ತೇನೆ, ತಮ್ಮ ಕಾಲೇಜಿನಲ್ಲಿ ಅದಕ್ಕೇ ಎಂದು ಬೇರೆ ಓದು ಇಲ್ಲ, ಇದ್ದದ್ದನ್ನೇ ಓದಿ ಆ ದಾರಿ ಹಿಡಿಯುತ್ತೇನೆ ಎಂದು. ಯಜಮಾನರು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡರು. ಅತ್ತೆ ಮಾತ್ರ, "ಮುದುಕರ ಡಾಕ್ಟ್ರಿಗೆ ಯಾರೋ ಹೆಣ್ಣು ಕೊಡ್ತಾರೆ?" ಎಂದು ಚಿಂತೆಗೆ ಬಿದ್ದರು.

ಮಧ್ಯಾಹ್ನ ಎಲ್ಲರೂ ಸಾಲಾಗಿ ಊಟಕ್ಕೆ ಕೂತಿದ್ದರು. ಮುದ್ದೆ, ಹುರುಳಿಕಾಳಿನ ಬಸ್ಸಾರು. ಹುಡುಗರಲ್ಲೊಬ್ಬ, ಪಾಪ, ಏನೂ ಗೊತ್ತಿಲ್ಲದೆ ಕೇಳಿದ.

"ಅಜ್ಜಿ, ಅಷ್ಟು ತಿಂಗಳು ಆ ಮಾತ್ರೆ ನಿಮಗೆ ಕೊಡ್ತಿದ್ದೋರು ಯಾರು?"

ರುದ್ರೇಶ ತಟ್ಟೆಯೊಳಗೆ ತಲೆ ಹಾಕಿದ. ಅತ್ತೆ ಮುದ್ದೆ ಮುರಿಯುತ್ತ, ಡಾಕ್ಟ್ರು ಬರ್ದಿದ್ರಪ್ಪ ಎಂದರು. ನನ್ನ ಕೈಯಲ್ಲಿ ಸಾರಿನ ಪಾತ್ರೆಯಿತ್ತು. ಅದನ್ನು ಕೆಳಗಿಟ್ಟೆ.

"ಡಾಕ್ಟ್ರು ಹತ್ತೇ ದಿನಕ್ಕೆ ಬರ್ದಿದ್ದು ಅತ್ತೆ. ಹದಿನೈದು ತಿಂಗಳು ಕೊಟ್ಟೋಳು ನಾನು."

ಅತ್ತೆ ನನ್ನ ಕಡೆ ತಿರುಗಿದರು.

"ಗೊತ್ತಿದ್ದೂ ಕೊಟ್ಟೆಯಾ?"

"ಇಲ್ಲ ಅತ್ತೆ, ನೇಮ ಅಂತ ಕೊಟ್ಟೆ. ಆದ್ರೆ ನೀವು ಬೈಯೋದು ನಿಲ್ಲಿಸಿದಾಗ ನಂಗೆ ಖುಷಿಯಾಯ್ತು. ಗುಡಿಗೆ ಹೋಗಿ ತುಪ್ಪದ ದೀಪ ಹಚ್ಚಿಬಂದೆ."

ಅತ್ತೆ ಕೈಯಲ್ಲಿದ್ದ ತುತ್ತನ್ನು ಸಾರಿಗೆ ಅದ್ದಿ, ನಿಧಾನವಾಗಿ ನುಂಗಿದರು. ಇನ್ನೊಂದು ತುತ್ತು ಮುರಿದರು, ಅದನ್ನೂ ನುಂಗಿದರು. ಆಮೇಲೆ ಅತ್ತೆ ಪ್ರಶ್ನೆ ಕೇಳಿದ ಹುಡುಗನ ಕಡೆ ನೋಡಿದರು.

"ಅಲ್ವೋ ಮಗ, ಸೊಸೇರ ಬಾಯಿ ಮುಚ್ಚಿಸೋಕೆ ಏನಾದ್ರೂ ಮಾತ್ರೆ ಅದೆಯಾ ನಿಮ್ಮ ಕಾಲೇಜಲ್ಲಿ?"

"ಇ… ಇಲ್ಲ ಅಜ್ಜಿ."

"ಇಲ್ದಿದ್ದೇ ಒಳ್ಳೇದಾಯ್ತು ಬಿಡು. ಇವಳೂ ಸುಮ್ಮನಾದ್ರೆ ಈ ಮನೇಲಿ ನಾನು ಯಾರ ಜೊತೆ ಬಾಯಿ ಮಾಡ್ಲಿ?"

ಹುಡುಗರು ನಕ್ಕರು. ಯಜಮಾನರೂ ನಕ್ಕರು. ನಾನು ಮಾತ್ರ ನಗಲಿಲ್ಲ, ಏಕೆಂದರೆ ಅತ್ತೆ ನಗುತ್ತಿರಲಿಲ್ಲ. ಅವರು ಎಡಗೈಯಿಂದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಂಟಲು ಸರಿಮಾಡಿಕೊಂಡರು. ಬಸ್ಸಾರಿಗೆ ಒಗ್ಗರಣೆ ಹಾಕಿದ ರೀತಿಯಿಂದ ಶುರು ಮಾಡಿ, ದೇವರ ಗೂಡಿಗೆ ಬಂದು, ತುಪ್ಪದ ದೀಪದ ಹತ್ತಿರ ಸಾಕಷ್ಟು ಹೊತ್ತು ನಿಂತು, ನನ್ನ ತವರಿನವರೆಗೆ ಹೋದರು. ಊಟ ಮುಗಿಯಿತು, ಎಲ್ಲರೂ ಕೈ ತೊಳೆದರು, ಅವರ ಬೈಗುಳ ಮುಗಿಯಲಿಲ್ಲ. ನಾನು ಗೋಡೆಗೆ ಒರಗಿ ಒಂದು ಮಾತನ್ನೂ ಬಿಡದೆ ಕೇಳಿದೆ. ಹಳೆಯದೊಂದೂ ಇರಲಿಲ್ಲ, ಎಲ್ಲ ಹೊಸದು.